ಅಂಚೆಚೀಟಿ ಓದುವ ವಿದ್ಯೆ: ಕಂಬಂ ಕಣಿವೆಯ ಒಂದು ಪೊಟ್ಟಣದ ನೆಪದಲ್ಲಿ

ತಮಿಳುನಾಡಿನ ಬೋಡಿನಾಯಕನೂರಿನಿಂದ, ಅಂದರೆ ಬೋಡಿಯಿಂದ, ನಿಮ್ಮ ಮನೆಗೆ ಒಂದು ಏಲಕ್ಕಿ ಪಾರ್ಸಲ್ ಬಂತೆನ್ನಿ. ಬಾರ್‌ಕೋಡಿನ ಚೀಟಿ ಒಂದು ಮೂಲೆಯಲ್ಲಿದೆ. ಉಳಿದ ಜಾಗದ ತುಂಬ ಸಾಲುಸಾಲಾಗಿ ಅಂಚೆಚೀಟಿಗಳು: ಒಂದು ರೂಪಾಯಿಯವು ಇಪ್ಪತ್ತು, 60 ಪೈಸೆಯವು ಇಪ್ಪತ್ತು, 50 ಪೈಸೆಯವು ಇಪ್ಪತ್ತು. ಕೂಡಿಸಿದರೆ ಸರಿಯಾಗಿ 42 ರೂಪಾಯಿ. ಠಸ್ಸೆಯ ಮೇಲಿನ ತಾರೀಖು ಮೊನ್ನೆಯದು, ಚೀಟಿಗಳು ಮೂವತ್ತು ನಲವತ್ತು ವರ್ಷ ಹಿಂದಿನವು. ಯಾರು ಇವನ್ನು ಇಷ್ಟು ದಿನ ಇಟ್ಟುಕೊಂಡಿದ್ದರು? ಈಗ ಯಾಕೆ ಅಂಟಿಸಿದರು?

ಈ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ. ಅಂಚೆಚೀಟಿ ಮುಂದೆ ಬೆಲೆ ಬಾಳುತ್ತದೆಂದು ನಂಬಿ ಎಷ್ಟೋ ಜನ ಹಾಳೆಗಟ್ಟಲೆ ಕೊಂಡು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಆದರೆ ಆ ಚೀಟಿಗಳು ಲಕ್ಷಗಟ್ಟಲೆ ಅಚ್ಚಾಗಿದ್ದವು, ಬೆಲೆ ಏರಲಿಲ್ಲ. ಹಾಗೆ ಉಳಿದ ಹಾಳೆಗಳು ಕಡಿಮೆ ಬೆಲೆಗೆ ವ್ಯಾಪಾರಿಗಳ ಕೈಗೆ, ಅವರಿಂದ ಸಂಗ್ರಾಹಕರ ಕೈಗೆ ಬಂದವು. ಸಂಗ್ರಾಹಕ ಪಾರ್ಸಲ್ ಕಳಿಸುವಾಗ ದರ ಕೇಳಿಕೊಂಡು, ಹಳೆಯ ಚೀಟಿಗಳನ್ನು ಲೆಕ್ಕಕ್ಕೆ ಸರಿಯಾಗಿ ಜೋಡಿಸಿ, ಕೌಂಟರಿನಲ್ಲಿ ಕೊಟ್ಟು, ಠಸ್ಸೆ ಸ್ವಚ್ಛವಾಗಿ ಬೀಳಲೆಂದು ಕೇಳಿಕೊಳ್ಳುತ್ತಾನೆ. ಪಡೆಯುವವನಿಗೆ ಅದು ಉಡುಗೊರೆ. ಅಂದರೆ ಪೊಟ್ಟಣದ ಮೇಲೆ ಎರಡು ಕಾಲಗಳಿವೆ: ಚೀಟಿ ಅಚ್ಚಾದ ಕಾಲ, ಚೀಟಿ ಕೆಲಸ ಮಾಡಿದ ಕಾಲ. ಇವೆರಡರ ನಡುವಿನ ಅಂತರವನ್ನು ಕಂಡುಹಿಡಿದು ಅದಕ್ಕೆ ಕಾರಣ ಹುಡುಕುವುದರಿಂದಲೇ ಅಂಚೆಚೀಟಿ ಓದುವ ವಿದ್ಯೆ ಶುರುವಾಗುತ್ತದೆ.

ಇದು ನಿಜಕ್ಕೂ ಒಂದು ವಿದ್ಯೆ. ದುಬಾರಿ ಸಲಕರಣೆ ಬೇಡ, ದೊಡ್ಡ ಪದವಿ ಬೇಡ. ಬೇಕಾದದ್ದು ತಾಳ್ಮೆ, ಒಂದು ಭೂತಗನ್ನಡಿ, ಮತ್ತು ಕಂಡದ್ದಕ್ಕಿಂತ ಹೆಚ್ಚು ಹೇಳದಿರುವ ನಿಷ್ಠೆ. ತೇನಿ, ಕಂಬಂ, ದಿಂಡಿಗಲ್ ಸೀಮೆಯ ಟಪಾಲನ್ನೇ ಪಾಠವಾಗಿಟ್ಟುಕೊಂಡು ಅದನ್ನು ಪರಿಚಯಿಸುವುದು ಈ ಬರಹದ ಉದ್ದೇಶ.

ಈ ಕಣಿವೆಯೇ ಯಾಕೆ?

ಪಶ್ಚಿಮ ಘಟ್ಟ ಮತ್ತು ಪಳನಿ ಬೆಟ್ಟಗಳ ಬುಡದಲ್ಲಿ ಹರಡಿರುವ ಈ ಸೀಮೆಯ ಸರಕು ದೂರದೂರಿಗೆ ಹೋಗುವಂಥದ್ದು. ಬೋಡಿಯ ಏಲಕ್ಕಿ, ಕೆಳಪಳನಿ ಬೆಟ್ಟದ ಕಾಫಿ, ಪೆರಿಯಕುಳಂನ ಮಾವು, ಕಂಬಂನ ದ್ರಾಕ್ಷಿ, ದಿಂಡಿಗಲ್‌ನ ಬೀಗ ಮತ್ತು ಚುಟ್ಟ, ಚಿನ್ನಾಳಪಟ್ಟಿಯ ಸೀರೆ. ಇವುಗಳಲ್ಲಿ ಹಣ್ಣು ಲಾರಿ ಹತ್ತಿತು. ಏಲಕ್ಕಿ, ಬೀಗ, ಸೀರೆಯಂಥ ಹಗುರ ಸರಕಿಗೆ ಅಂಚೆ ಹೇಳಿ ಮಾಡಿಸಿದಂತಿತ್ತು. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು ಮಲೆಯಾಚೆಯ ನೀರು ಸುರಂಗದ ಮೂಲಕ ಕಣಿವೆಗೆ ಇಳಿದಾಗಿನಿಂದ ಇಲ್ಲಿನ ಬೇಸಾಯ ಬೆಳೆಯಿತು, ಅದರೊಂದಿಗೆ ವ್ಯಾಪಾರವೂ ಬೆಳೆಯಿತು. ವ್ಯಾಪಾರ ಇದ್ದಲ್ಲಿ ಕಾಗದಪತ್ರ ಇರಲೇಬೇಕು.

ಕನ್ನಡಿಗರಿಗೆ ಈ ಕಣಿವೆ ಪರಕೀಯವೂ ಅಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಮಧುರೈ, ತಿರುನೆಲ್ವೇಲಿ ಸೀಮೆಯ ಕಪ್ಪಿಲಿಯರ್ ಮತ್ತು ಅನುಪ್ಪರ್ ಎಂಬ ಬೇಸಾಯಗಾರರನ್ನು ಕನ್ನಡದವರೆಂದೇ ಗುರುತಿಸಿದ್ದಾರೆ. ಚಿನ್ನಾಳಪಟ್ಟಿಯ ಮಗ್ಗಗಳ ಹಿಂದೆ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಕಲಿತು, ತಮಿಳಿನಲ್ಲೇ ಕಾಗದ ಬರೆದವರು ಇವರು. ಹಾಗಾಗಿ ಇಲ್ಲಿನ ಒಂದು ಹಳೆಯ ಲಕೋಟೆಯ ಮೇಲೆ ತಮಿಳು ವಿಳಾಸ, ಇಂಗ್ಲಿಷಿನ ಠಸ್ಸೆ, ಹಿಂದಿಯ ಚೀಟಿ ಮೂರೂ ಕಾಣುತ್ತವೆ. ಮನೆಯ ಮಾತು ಮಾತ್ರ ಲಕೋಟೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಓದುವವನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಮೊದಲ ನಿಯಮ: ಕತ್ತರಿ ದೂರವಿರಲಿ

ಹಳೆಯ ಲಕೋಟೆ ಸಿಕ್ಕ ಕೂಡಲೇ ಚೀಟಿಯನ್ನು ಕತ್ತರಿಸಿ ನೀರಿಗೆ ಹಾಕುವುದು ನಮ್ಮೆಲ್ಲರ ಬಾಲ್ಯದ ಅಭ್ಯಾಸ. ಚೀಟಿ ಕಲೆಹಾಕುವ ಮಕ್ಕಳಿಗೆ ಅದು ಸರಿಯೇ. ಆದರೆ ಕಥೆ ಬೇಕೆನ್ನುವವನು ಹಾಗೆ ಮಾಡಕೂಡದು. ಚೀಟಿ ತಾನೊಂದೇ ಆದರೆ ತನ್ನ ಹುಟ್ಟಿನ ವಿಷಯ ಮಾತ್ರ ಹೇಳುತ್ತದೆ. ಅದು ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಹೋಯಿತು, ಯಾವ ತೂಕಕ್ಕೆ ಯಾವ ದರ ತೆತ್ತಿತು, ಯಾರ ಬಾಗಿಲಿಗೆ ತಲುಪಿತು ಎಂಬುದೆಲ್ಲ ಲಕೋಟೆಯ ಮೇಲೆ ಉಳಿದಿರುತ್ತದೆ. ಕತ್ತರಿ ಆಡಿಸಿದರೆ ಈ ಸಂಬಂಧ ತುಂಡಾಗುತ್ತದೆ, ಮತ್ತೆ ಜೋಡಿಸಲು ಬರುವುದಿಲ್ಲ.

ಪಾರ್ಸಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಿಂದೆ ಪಾರ್ಸಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಸೂಜಿದಾರದಿಂದ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮೊಹರು ಒತ್ತುತ್ತಿದ್ದರು. ವಿಳಾಸವನ್ನು ಬಟ್ಟೆಯ ಮೇಲೆಯೇ ಬರೆಯುತ್ತಿದ್ದರು. ಒಳಗಿನ ಸರಕು ತೆಗೆದ ಮೇಲೆ ಬಟ್ಟೆ ಒರೆಸುವ ಅರಿವೆಯಾಯಿತು, ಅರಗು ಪುಡಿಯಾಯಿತು. ಲಕೋಟೆಗಳು ಸಾವಿರಗಟ್ಟಲೆ ಉಳಿದಿರುವಾಗ ಪಾರ್ಸಲಿನ ಹೊದಿಕೆಗಳು ಅಪರೂಪವಾಗಿರುವುದು ಇದರಿಂದಲೇ. ಯಾರ ಮನೆಯ ಅಟ್ಟದ ಮೇಲಾದರೂ ಅಂಥದ್ದೊಂದು ಬಟ್ಟೆಯ ತುಂಡು ಚೀಟಿ, ಅರಗು ಸಮೇತ ಉಳಿದಿದ್ದರೆ ಅದನ್ನು ಹಾಗೆಯೇ ಇಟ್ಟುಕೊಳ್ಳಬೇಕು.

ಚೀಟಿ ಏನು ಹೇಳುತ್ತದೆ?

ಈಗ ಭೂತಗನ್ನಡಿ ತೆಗೆದುಕೊಳ್ಳೋಣ. ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಮುಖಬೆಲೆಯನ್ನು. ಬೆಲೆ ಆಣೆ, ಪೈಗಳಲ್ಲಿದ್ದರೆ ಆ ಚೀಟಿ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು; ಅಂದಿನವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ ಈಚಿನದು. 1964ರ ಜೂನ್‌ನಲ್ಲಿ ‘ನಯೇ’ ಹೋಗಿ ಬರಿಯ ಪೈಸೆ ಉಳಿಯಿತು. ಒಂದು ಪದ ಇದೆಯೋ ಇಲ್ಲವೋ ಎಂಬುದರಿಂದಲೇ ಚೀಟಿಯ ಕಾಲ ಏಳು ವರ್ಷದ ಪಟ್ಟಿಯೊಳಗೆ ಬಂದು ನಿಲ್ಲುತ್ತದೆ.

ಸ್ಮಾರಕ ಚೀಟಿಗಳ ಬೆಲೆಗಳು ಮತ್ತೊಂದು ಅಳತೆಗೋಲು. ಸಾಮಾನ್ಯ ಕಾಗದದ ದರ ಏರಿದಂತೆ ಅವುಗಳ ಬೆಲೆಯೂ ಏರುತ್ತ ಬಂತು. ಅರವತ್ತರ ದಶಕದ ಆರಂಭದಲ್ಲಿ ಹೆಚ್ಚಾಗಿ ಕಾಣುವುದು 15 ನಯೇ ಪೈಸೆ, ಆ ದಶಕದ ಕೊನೆಗೆ 20 ಪೈಸೆ, ಎಪ್ಪತ್ತರ ನಡುವೆ 25 ಪೈಸೆ, ಎಂಬತ್ತರ ನಡುವೆ 50 ಪೈಸೆ, ತೊಂಬತ್ತರ ಹೊಸ್ತಿಲಲ್ಲಿ ಒಂದು ರೂಪಾಯಿ, ಹೊಸ ಶತಮಾನದಲ್ಲಿ ಐದು ರೂಪಾಯಿ. ನಾವು ಮೊದಲು ಕಂಡ ಏಲಕ್ಕಿ ಪಾರ್ಸಲಿನ 50 ಪೈಸೆ, 60 ಪೈಸೆ, ಒಂದು ರೂಪಾಯಿಯ ಚೀಟಿಗಳು ಎಂಬತ್ತರ ದಶಕದಿಂದ ತೊಂಬತ್ತರ ಆರಂಭದವರೆಗೆ ಯಾರೋ ಬಿಡದೆ ಕೊಂಡಿಟ್ಟವು ಎಂದು ಇಷ್ಟರಿಂದಲೇ ಊಹಿಸಬಹುದು.

ಆಮೇಲೆ ಚಿತ್ರ. 1960ರಲ್ಲಿ ಭಾರತದ ಅಂಚೆ ಇಲಾಖೆ ಫೆಬ್ರವರಿಯಲ್ಲಿ ತಿರುವಳ್ಳುವರ್, ಸೆಪ್ಟೆಂಬರ್‌ನಲ್ಲಿ ಸುಬ್ರಹ್ಮಣ್ಯ ಭಾರತಿ ಮತ್ತು ಸರ್ ಎಂ. ವಿಶ್ವೇಶ್ವರಯ್ಯ ಚೀಟಿಗಳನ್ನು ಹೊರತಂದಿತು. ವಿಶ್ವೇಶ್ವರಯ್ಯನವರು ಆಗ ಬದುಕಿದ್ದರು, ನೂರನೆಯ ಹುಟ್ಟುಹಬ್ಬದ ದಿನವೇ ಅವರ ಚೀಟಿ ಬಂತು. 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವೇಶ್ವರರು ಚೀಟಿಯ ಮೇಲೆ ಬಂದರು. ನಿತ್ಯಬಳಕೆಯ ಚೀಟಿಗಳ ಮೇಲೂ ನಮ್ಮ ನಾಡು ಕಾಣುತ್ತದೆ. 1949ರ ಆಗಸ್ಟ್ 15ರ ಪುರಾತತ್ವ ಮಾಲೆಯಲ್ಲಿ ಆರು ಆಣೆಯ ಚೀಟಿಗೆ ವಿಜಯಪುರದ ಗೋಲಗುಮ್ಮಟ, 1965ರಿಂದ ಬಂದ ಮಾಲೆಯಲ್ಲಿ 2 ಪೈಸೆಗೆ ಬಿದರಿ ಹೂಜಿ, 4 ಪೈಸೆಗೆ ಕಾಫಿ ಹಣ್ಣು, 70 ಪೈಸೆಗೆ ಹಂಪಿಯ ಕಲ್ಲಿನ ರಥ. ಕಂಬಂನ ಅಂಗಡಿಯೊಂದರಿಂದ ಹೊರಟ ಭಾರವಾದ ಲಕೋಟೆಯ ಮೇಲೆ ಹಂಪಿಯ ರಥ ಕಂಡರೆ ಕಳಿಸಿದವರು ಅದನ್ನು ಆರಿಸಿದರೆಂದು ತಿಳಿಯಬಾರದು. ಆ ತೂಕಕ್ಕೆ ಆ ಬೆಲೆ ಬೇಕಾಗಿತ್ತು, ಆ ಬೆಲೆಗೆ ಆ ಚಿತ್ರವಿತ್ತು. 2009ರಲ್ಲಿ ಬಂದ ಸಾಂಬಾರ ಪದಾರ್ಥಗಳ ಚೀಟಿಗಳಲ್ಲಿ ಏಲಕ್ಕಿಯೂ ಇದೆ. ಬೋಡಿಯ ಏಲಕ್ಕಿ ಪಾರ್ಸಲಿನ ಮೇಲೆ ಅದೇ ಕಂಡರೆ ಅದು ಆರಿಸಿದ್ದೇ ಇರಬೇಕು. ಕಾಕತಾಳೀಯ ಯಾವುದು, ಉದ್ದೇಶ ಯಾವುದು ಎಂದು ಬಿಡಿಸುವುದು ಈ ವಿದ್ಯೆಯ ಸೂಕ್ಷ್ಮ.

ಚಿತ್ರದ ಹಿಂದೆ ಕಾಗದವಿದೆ. 1957ರ ಭಾರತದ ನಕಾಶೆಯ ಚೀಟಿಗಳನ್ನೇ ನೋಡಿ. ಚಿತ್ರ ಒಂದೇ. ಆದರೆ ಮೊದಲು ಅಚ್ಚಾದವುಗಳ ಕಾಗದದಲ್ಲಿ ಬ್ರಿಟಿಷರ ಕಾಲದಿಂದ ಉಳಿದು ಬಂದ ನಕ್ಷತ್ರಗಳ ನೀರುಗುರುತು ಇದೆ. 1958ರಿಂದ ಈಚೆಗೆ ಅಚ್ಚಾದವುಗಳಲ್ಲಿ ಅಶೋಕ ಸ್ತಂಭದ ಸಿಂಹಗಳ ನೀರುಗುರುತು. ಚೀಟಿಯನ್ನು ಬೆಳಕಿಗೆ ಹಿಡಿದೋ, ಕಪ್ಪು ತಟ್ಟೆಯ ಮೇಲೆ ಬೆನ್ನು ಮೇಲಾಗಿಟ್ಟೋ ನೋಡಿದರೆ ಕಾಣುತ್ತದೆ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ಹಳೆಯ ಕಾಗದ ಅಚ್ಚಿನ ಮನೆಯಲ್ಲಿ ಬಳಕೆಯಲ್ಲಿತ್ತೆಂಬುದು ಹೀಗೆ ಗೊತ್ತಾಗುತ್ತದೆ. ಅಂಟಿಕೊಂಡಿರುವ ಚೀಟಿಯಲ್ಲಿ ಇದನ್ನು ನೋಡುವುದು ಕಷ್ಟ. ಅದಕ್ಕೆಂದು ಚೀಟಿಯನ್ನು ಕೀಳಬಾರದು.

ಅಚ್ಚಿನ ಬಗೆಯೂ ಸಾಕ್ಷಿಯೇ. 1854ರ ಮೊದಲ ಅಖಿಲ ಭಾರತ ಚೀಟಿಗಳು ಕಲ್ಕತ್ತದಲ್ಲಿ ಕಲ್ಲಚ್ಚಿನಲ್ಲಿ ಆದವು. ಅನಂತರ ದಶಕಗಳ ಕಾಲ ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಿಕೊಟ್ಟಿತು. 1925ರಲ್ಲಿ ನಾಸಿಕದಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಶುರುವಾದ ಮೇಲೆ ಆ ಕೆಲಸ ನಮ್ಮ ನೆಲಕ್ಕೆ ಬಂತು. 1948ರ ಗಾಂಧೀಜಿ ಚೀಟಿಗಳನ್ನು ಮಾತ್ರ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯ ಫೋಟೋಗ್ರೇವ್ಯೂರ್ ವಿಧಾನದಲ್ಲಿ ಮಾಡಿತು. ಅದೇ ವಿಧಾನವನ್ನು ನಾಸಿಕ ಕಲಿತು, 1952ರ ಅಕ್ಟೋಬರ್ 1ರಂದು ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರನಾಥ ಠಾಕೂರರ ಆರು ಚೀಟಿಗಳನ್ನು ತಂದಿತು. ಭೂತಗನ್ನಡಿಯಲ್ಲಿ ನೋಡಿದರೆ ಈ ಅಚ್ಚು ಗೆರೆಗಳಲ್ಲಿ ಒಡೆಯುವುದಿಲ್ಲ, ನವಿರು ಬಲೆಯಂತೆ ಸಣ್ಣ ಚುಕ್ಕಿಗಳಲ್ಲಿ ಕಾಣುತ್ತದೆ.

ಕೊನೆಯದಾಗಿ ಅಂಚಿನ ಹಲ್ಲುಗಳು. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸುವುದು ಜಗತ್ತಿನ ಎಲ್ಲೆಡೆ ಒಪ್ಪಿದ ಪದ್ಧತಿ; ಪ್ಯಾರಿಸ್ಸಿನ ವೈದ್ಯ ಲೆಗ್ರಾಂಡ್ 1866ರಲ್ಲಿ ಇದನ್ನು ರೂಢಿಗೆ ತಂದ. ಒಂದೇ ಚಿತ್ರದ ಎರಡು ಮುದ್ರಣಗಳನ್ನು ಬೇರ್ಪಡಿಸಲು ಈ ಎಣಿಕೆ ಎಷ್ಟೋ ಸಲ ನೆರವಾಗುತ್ತದೆ.

ಠಸ್ಸೆಯ ಮಾತು

ಚೀಟಿ ತಯಾರಾದ ಕಾಲವನ್ನು ಹೇಳಿದರೆ ಠಸ್ಸೆ ಅದು ಬಳಕೆಯಾದ ಗಳಿಗೆಯನ್ನು ಹೇಳುತ್ತದೆ. ಠಸ್ಸೆಯ ದುಂಡನೆಯ ಅಂಚಿನಲ್ಲಿ ಅಂಚೆ ಕಚೇರಿಯ ಹೆಸರು, ನಡುವೆ ತಾರೀಖು, ಕೆಲವೊಮ್ಮೆ ವೇಳೆ. ಹೆಸರಿನ ಪಕ್ಕದ ಅಕ್ಷರಗಳನ್ನು ಬಿಡಬಾರದು: ಎಚ್.ಒ. ಎಂದರೆ ಪ್ರಧಾನ ಕಚೇರಿ, ಎಸ್.ಒ. ಉಪಕಚೇರಿ, ಬಿ.ಒ. ಹಳ್ಳಿಯ ಶಾಖಾ ಕಚೇರಿ. ಚೀಟಿಯ ಮೇಲೆ ಬಿದ್ದ ಠಸ್ಸೆ ಹೊರಟ ಊರಿನದು. ಲಕೋಟೆಯ ಬೆನ್ನಿಗೆ ಬಿದ್ದದ್ದು ದಾರಿಯ ಊರುಗಳದು ಅಥವಾ ತಲುಪಿದ ಊರಿನದು. ಮುಂದಿನದರ ತಾರೀಖು, ಹಿಂದಿನದರ ತಾರೀಖು ಎರಡನ್ನೂ ಹೋಲಿಸಿದರೆ ಪ್ರಯಾಣಕ್ಕೆ ಹಿಡಿದ ದಿನಗಳು ಸಿಗುತ್ತವೆ.

ಆ ದಿನಗಳ ಹಿಂದೆ ಒಂದು ರೈಲಿನ ಕಥೆಯೂ ಇದೆ. ಮಧುರೈಯಿಂದ ತೇನಿಯ ಮೂಲಕ ಬೋಡಿಗೆ ಮೀಟರ್ ಗೇಜ್ ಹಳಿ ಬಂದದ್ದು 1928ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕಿಗಾಗಿ ಆ ಹಳಿಯನ್ನೇ ಕಿತ್ತರು. ಐವತ್ತರ ದಶಕದಲ್ಲಿ ಮತ್ತೆ ಹಾಕಿದರು. 2010ರ ಕೊನೆಗೆ ಬ್ರಾಡ್ ಗೇಜ್ ಕೆಲಸಕ್ಕೆಂದು ನಿಂತ ಓಡಾಟ ತೇನಿಗೆ 2022ರಲ್ಲಿ, ಬೋಡಿಗೆ 2023ರಲ್ಲಿ ಮರಳಿತು. ಬೋಡಿಯ ಠಸ್ಸೆ ಬಿದ್ದ ಲಕೋಟೆ ಕೈಗೆ ಬಂದಾಗ ಆ ವರ್ಷ ಹಳಿ ಇತ್ತೋ ಇಲ್ಲವೋ ಎಂದು ಕೇಳಿಕೊಳ್ಳಬೇಕು. ಒಂದೇ ಊರಿಗೆ ಹೋದ ಎರಡು ಕಾಗದಗಳು ಬೇರೆಬೇರೆ ದಿನ ಹಿಡಿದಿದ್ದರೆ ಕಾರಣ ಹುಡುಕಲು ಅದೊಂದು ಜಾಗ.

ಇನ್ನೂ ಹಿಂದಕ್ಕೆ ಹೋದರೆ ಊರಿನ ಹೆಸರಿಲ್ಲದ ಠಸ್ಸೆಗಳು ಸಿಗುತ್ತವೆ. 1855ರ ಸುಮಾರಿನಿಂದ ಮದ್ರಾಸು, ಬಂಗಾಳ, ಬೊಂಬಾಯಿ ವಲಯಗಳ ಅಂಚೆ ಕಚೇರಿಗಳಿಗೆ ಸಂಖ್ಯೆಗಳನ್ನು ಕೊಟ್ಟು, ಗೆರೆಗಳ ನಡುವೆ ಆ ಸಂಖ್ಯೆ ಮಾತ್ರ ಬೀಳುವಂಥ ಮುದ್ರೆಗಳನ್ನು ಬಳಸಿದರು. ಯಾವ ಸಂಖ್ಯೆ ಯಾವ ಊರಿನದೆಂದು ಪತ್ತೆ ಹಚ್ಚುವುದೇ ಒಂದು ಶಾಸ್ತ್ರವಾಯಿತು. ಬೊಂಬಾಯಿಯ ಜಾಲ್ ಕೂಪರ್ ಇಂಥ ಆರಂಭಕಾಲದ ಮುದ್ರೆಗಳನ್ನು ವರ್ಗೀಕರಿಸಿ ಪುಸ್ತಕವನ್ನೇ ಬರೆದರು. ಸಾವಿರಾರು ಲಕೋಟೆಗಳನ್ನು ಪಕ್ಕಪಕ್ಕದಲ್ಲಿಟ್ಟು, ವಿಳಾಸ ನೋಡಿ, ಬೆನ್ನಿನ ಮುದ್ರೆ ನೋಡಿ, ಒಂದೊಂದೇ ಸಂಖ್ಯೆಗೆ ಊರು ಹುಡುಕಿಕೊಟ್ಟ ಆ ಪೀಳಿಗೆಯ ಶ್ರಮವನ್ನು ನೆನೆದರೆ ಮನಸ್ಸು ತುಂಬುತ್ತದೆ.

ವಿಳಾಸ, ಜಿಲ್ಲೆ, ಪಿನ್

ವಿಳಾಸ ಬರೆದವನು ತನಗೆ ಅರಿವಿಲ್ಲದೆಯೇ ಕಾಲವನ್ನು ಬರೆದಿರುತ್ತಾನೆ. ‘ಮದ್ರಾಸ್ ರಾಜ್ಯ’ ಎಂದಿದ್ದರೆ ಬಹುಮಟ್ಟಿಗೆ 1969ರ ಜನವರಿಗಿಂತ ಹಿಂದಿನದು, ಆಗ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂತು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ದಿಂಡಿಗಲ್ 1985ರವರೆಗೆ, ತೇನಿ 1996ರವರೆಗೆ ಮಧುರೈ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ‘ಕಂಬಂ, ಮಧುರೈ ಜಿಲ್ಲೆ’ ಎಂದರೆ ಒಂದು ಕಾಲ, ‘ಕಂಬಂ, ತೇನಿ ಜಿಲ್ಲೆ’ ಎಂದರೆ ಇನ್ನೊಂದು.

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಅಂಕಿ 6 ತಮಿಳುನಾಡು, ಕೇರಳಗಳನ್ನು ಸೂಚಿಸುತ್ತದೆ. ದಿಂಡಿಗಲ್ 624001, ಕೊಡೈಕೆನಾಲ್ 624101, ಬೋಡಿ 625513, ಕಂಬಂ 625516, ತೇನಿ 625531. ತೇನಿ ಕಡೆಯ ಪಿನ್‌ಗಳು ಇವತ್ತಿಗೂ ಮಧುರೈಯ 625ರಿಂದಲೇ ಶುರುವಾಗುತ್ತವೆ. ಜಿಲ್ಲೆ ಬೇರೆಯಾಗಿ ಇಷ್ಟು ವರ್ಷವಾದರೂ ಅಂಚೆಯ ಅಂಕಿ ಹಳೆಯ ನಂಟನ್ನು ಬಿಟ್ಟಿಲ್ಲ.

ಸಾಕ್ಷಿಗಳನ್ನು ಕೂಡಿಸುವುದು

ಇಷ್ಟನ್ನೂ ಒಟ್ಟಿಗೆ ಹೇಗೆ ಬಳಸುತ್ತಾರೆಂದು ಒಂದು ಉದಾಹರಣೆಯಿಂದ ನೋಡೋಣ. ಒಂದು ರಿಜಿಸ್ಟರ್ಡ್ ಲಕೋಟೆ ಇದೆ, ಠಸ್ಸೆ ಮಸುಕಾಗಿ ತಾರೀಖು ಅಳಿಸಿದೆ ಎಂದುಕೊಳ್ಳಿ. ಕಳಿಸಿದವರ ವಿಳಾಸ: ಚಿನ್ನಾಳಪಟ್ಟಿ, ಮಧುರೈ ಜಿಲ್ಲೆ, ತಮಿಳುನಾಡು. ಪಡೆದವರದು: ಮೈಸೂರು ರಾಜ್ಯದ ಒಂದು ಊರು. ಪಿನ್ ಇಲ್ಲ. ಚೀಟಿಗಳಲ್ಲಿ 70 ಪೈಸೆಯ ಹಂಪಿಯ ರಥವಿದೆ, ಪಕ್ಕದಲ್ಲಿ 5 ಪೈಸೆಯ ಕುಟುಂಬ ಯೋಜನೆ ಚೀಟಿ, ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಎಂಬ ಹೆಚ್ಚುವರಿ ಅಚ್ಚು.

ಹಂಪಿಯ ರಥದಿಂದ ಇದು 1965ಕ್ಕೆ ಈಚಿನದೆಂದು ತಿಳಿಯಿತು. ‘ತಮಿಳುನಾಡು’ ಎಂಬುದರಿಂದ 1969ಕ್ಕೆ ಈಚಿನದು. ‘ಮೈಸೂರು ರಾಜ್ಯ’ ಎಂಬುದರಿಂದ 1973ರ ನವೆಂಬರ್‌ಗೆ ಹಿಂದಿನದು. ಇನ್ನು ಆ ಪುಟ್ಟ 5 ಪೈಸೆಯ ಚೀಟಿ. ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಬಂದಾಗ ಅವರ ಪರಿಹಾರಕ್ಕೆಂದು 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಟಪಾಲಿನ ಮೇಲೆ 5 ಪೈಸೆ ಹೆಚ್ಚಿಗೆ ತೆರಬೇಕಿತ್ತು. ಪ್ರತ್ಯೇಕ ಚೀಟಿ ಸಿದ್ಧವಾಗುವ ಮುನ್ನ ಚಲಾವಣೆಯಲ್ಲಿದ್ದ 5 ಪೈಸೆಯ ಚೀಟಿಯ ಮೇಲೆಯೇ ಆ ಪದಗಳನ್ನು ಅಚ್ಚು ಹಾಕಿದರು. ಕೆಲವು ಊರುಗಳಲ್ಲಿ ಸ್ಥಳೀಯವಾಗಿಯೇ ಆ ಕೆಲಸ ಆಯಿತು, ಬೆಂಗಳೂರೂ ಅವುಗಳಲ್ಲೊಂದು. ಹೀಗೆ ತಾರೀಖು ಅಳಿಸಿದ ಲಕೋಟೆ ಹದಿನಾರೂವರೆ ತಿಂಗಳ ಕಿರುಜಾಗದಲ್ಲಿ ಬಂದು ನಿಂತಿತು. ಪಿನ್ ಇಲ್ಲವೆಂದು ಇನ್ನಷ್ಟು ಬಿಗಿ ಮಾಡಬಹುದೇ? ಆಗದು. ಪಿನ್ ಇದ್ದರೆ ಅದು 1972ರ ಆಗಸ್ಟ್‌ಗೆ ಈಚಿನದೆಂಬುದಕ್ಕೆ ಸಾಕ್ಷಿ. ಇಲ್ಲದಿದ್ದರೆ ಯಾವುದಕ್ಕೂ ಸಾಕ್ಷಿಯಲ್ಲ, ಯಾಕೆಂದರೆ ಎಷ್ಟೋ ಜನ ಬಹುಕಾಲ ಪಿನ್ ಬರೆಯಲೇ ಇಲ್ಲ. ಈ ಸಂಯಮ ಇಲ್ಲದಿದ್ದರೆ ಓದು ಊಹೆಯಾಗಿಬಿಡುತ್ತದೆ.

ಲಕೋಟೆಯ ಮೇಲಿನ ಬೇರೆ ಗುರುತುಗಳಿಗೂ ಹೀಗೆಯೇ ಅರ್ಥವಿದೆ. ‘ವಿ.ಪಿ.’ ಎಂಬ ಅಕ್ಷರ ಮತ್ತು ರೂಪಾಯಿಯ ಮೊತ್ತ ಕಂಡರೆ ಅದು ವಿ.ಪಿ.ಪಿ. ಪಾರ್ಸಲ್. 1877ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕೊಳ್ಳುವವನು ಅಂಚೆಯವನ ಕೈಗೆ ಹಣ ಕೊಟ್ಟ ಮೇಲೆಯೇ ಪಾರ್ಸಲ್ ಕೈಸೇರುತ್ತಿತ್ತು, ಹಣ ಮನಿ ಆರ್ಡರ್ ಆಗಿ ಮಾರಿದವನಿಗೆ ಹೋಗುತ್ತಿತ್ತು. ಒಬ್ಬರನ್ನೊಬ್ಬರು ಕಾಣದ ನೇಕಾರ ಮತ್ತು ಗಿರಾಕಿಯ ನಡುವೆ ನಂಬಿಕೆಯ ಭಾರ ಹೊತ್ತದ್ದು ಅಂಚೆ.

ಬೆಟ್ಟದಾಚೆಯ ಶಂಖ

ಕಂಬಂ ಕಣಿವೆಯ ಅಂಚೆಯಲ್ಲಿ ಒಂದು ವಿಶೇಷವಿದೆ, ಅದು ಬೇರೆ ಸೀಮೆಯಲ್ಲಿ ಸಿಗುವುದು ಅಪರೂಪ. ಬೋಡಿಯ ವ್ಯಾಪಾರಿಗಳು ಕೊಳ್ಳುವ ಏಲಕ್ಕಿ ಬೆಳೆಯುವ ಬೆಟ್ಟಗಳಲ್ಲಿ ಹೆಚ್ಚಿನವು ಅಂದು ತಿರುವಾಂಕೂರು ಸಂಸ್ಥಾನದಲ್ಲಿದ್ದವು. ಕಣಿವೆ ಬ್ರಿಟಿಷರದು, ಘಟ್ಟ ಹತ್ತಿದರೆ ಮಹಾರಾಜರದು. ತಿರುವಾಂಕೂರಿಗೆ ‘ಅಂಚಲ್’ ಎಂಬ ಸ್ವಂತ ಅಂಚೆಯಿತ್ತು. 1888ರಲ್ಲಿ ಅದು ಶಂಖದ ಚಿತ್ರವಿರುವ ಸ್ವಂತ ಚೀಟಿಗಳನ್ನು ಹೊರಡಿಸಿತು, ಬೆಲೆ ಚಕ್ರಗಳಲ್ಲಿ. ಒಂದು ಸರ್ಕಾರಿ ರೂಪಾಯಿಗೆ 28 ಚಕ್ರ. ಮರುವರ್ಷವೇ, 1889ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ತಿರುವಾಂಕೂರಿನದು ಮಾತ್ರ ಸ್ವಾತಂತ್ರ್ಯದ ನಂತರವೂ ನಡೆದು 1951ರಲ್ಲಿ ಭಾರತದ ಅಂಚೆಯಲ್ಲಿ ಲೀನವಾಯಿತು.

ಹಾಗಾಗಿ ಒಂದೇ ಏಲಕ್ಕಿ ತೋಟದಿಂದ ತಿರುವನಂತಪುರಕ್ಕೆ ಹೋದ ಕಾಗದದ ಮೇಲೆ ಶಂಖ, ಬೋಡಿಗೆ ಇಳಿದ ಕಾಗದದ ಮೇಲೆ ಚಕ್ರವರ್ತಿಯ ತಲೆ. ಬೆಟ್ಟದ ನೀರಿಗೆ ತಿರುವಾಂಕೂರು ಮತ್ತು ಬ್ರಿಟಿಷರ ನಡುವಿನ 1886ರ ಒಪ್ಪಂದ ಸುರಂಗದ ದಾರಿ ತೆರೆದಿತ್ತು; ಚೀಟಿಗೆ ಮಾತ್ರ ಗಡಿ ಗಡಿಯೇ ಆಗಿತ್ತು. ಇನ್ನೊಂದು ನಂಟು ಕನ್ನಡಿಗರಿಗೆ ಹಿಡಿಸುವಂಥದ್ದು: ಏಲಕ್ಕಿಯಲ್ಲಿ ಮಲಬಾರ್, ಮೈಸೂರು, ವಳುಕ್ಕ ಎಂಬ ಮೂರು ಮುಖ್ಯ ಬಗೆಗಳಿವೆ. ‘ಮೈಸೂರು’ ಬಗೆ ಹೆಚ್ಚಾಗಿ ಬೆಳೆಯುವುದು ಈ ತಮಿಳು-ಕೇರಳ ಬೆಟ್ಟಗಳಲ್ಲಿ. ನಮ್ಮ ಮಲೆನಾಡಿನಲ್ಲಿ ಹೆಚ್ಚಾಗಿ ಬೆಳೆಯುವುದು ‘ಮಲಬಾರ್’. ಹಳೆಯ ವ್ಯಾಪಾರದ ಕಾಗದದಲ್ಲಿ ‘ಮೈಸೂರು ಏಲಕ್ಕಿ’ ಎಂದು ಕಂಡರೆ ಸರಕು ಮೈಸೂರಿನದೆಂದು ತಕ್ಷಣ ತೀರ್ಮಾನಿಸಬಾರದು.

ಕೊಡೈಕೆನಾಲಿನ ಲಕೋಟೆ

ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್ ಇನ್ನೊಂದು ಬಗೆಯ ಟಪಾಲಿನ ಊರು. 1845ರಲ್ಲಿ ಅಮೆರಿಕನ್ ಮಧುರಾ ಮಿಷನ್‌ನವರು ಅಲ್ಲಿ ಬೇಸಗೆಯ ಮನೆ ಕಟ್ಟಿದರು. 1899ರಲ್ಲಿ ಸೌರ ವೀಕ್ಷಣಾಲಯ ಬಂತು. 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಅಲ್ಲಿಂದಲೇ ಕಂಡರು. ಇಂಥ ಸರ್ಕಾರಿ ಕಚೇರಿಗಳ ಕಾಗದಕ್ಕೆ ‘ಸರ್ವಿಸ್’ ಎಂದು ಅಚ್ಚಾದ ಚೀಟಿ ಬಳಸುತ್ತಿದ್ದರು. ಆ ಚೀಟಿ ಕಂಡರೆ ಒಳಗಿನ ಕಾಗದ ಮನೆಯ ಮಾತಲ್ಲ, ಕಚೇರಿಯ ಮಾತು. ಕೊಡೈಕೆನಾಲಿನ ಈ ವೀಕ್ಷಣಾಲಯ 1971ರಲ್ಲಿ ವೇಣು ಬಾಪ್ಪು ಅವರ ನೇತೃತ್ವದಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ಸ್ವಾಯತ್ತವಾಯಿತು, ಆ ದಶಕದಲ್ಲೇ ಅದರ ಕೇಂದ್ರ ಬೆಂಗಳೂರಿಗೆ ಬಂತು. ಸಂಸ್ಥೆಯೊಂದು ಬೆಟ್ಟದಿಂದ ನಗರಕ್ಕೆ ಸರಿದ ಬಗೆಯನ್ನು ಅದರ ಲಕೋಟೆಗಳ ಮೇಲಿನ ಊರಿನ ಹೆಸರುಗಳಲ್ಲಿ ಹಿಂಬಾಲಿಸಬಹುದು.

ಶುರು ಮಾಡುವವರಿಗೆ

ಕೈಗೆ ಬೇಕಾದದ್ದು ಕೆಲವೇ. ತುದಿ ಚಪ್ಪಟೆಯಾದ ಚಿಮುಟ, ಹತ್ತುಪಟ್ಟು ತೋರಿಸುವ ಭೂತಗನ್ನಡಿ, ಹಲ್ಲು ಎಣಿಸುವ ಪಟ್ಟಿ, ಆಮ್ಲವಿಲ್ಲದ ಕಾಗದದ ಹಾಳೆಗಳು. ಬೆರಳಿನ ಬೆವರು, ಎಣ್ಣೆ ಚೀಟಿಗೆ ತಾಗಬಾರದು, ಅದಕ್ಕೇ ಚಿಮುಟ. ಸೆಲ್ಲೋಟೇಪ್ ಹತ್ತಿರ ತರಬಾರದು, ಅದರ ಅಂಟು ಕಾಗದವನ್ನು ಹಳದಿ ಮಾಡಿ ತಿನ್ನುತ್ತದೆ.

ಲಕೋಟೆ ಹರಿದು ಹಾಳಾಗಿದ್ದು ಚೀಟಿಯನ್ನು ಬಿಡಿಸಲೇಬೇಕಾದರೆ ಕ್ರಮ ಹೀಗೆ. ಮೊದಲು ಎರಡೂ ಬದಿಯ ಚಿತ್ರ ತೆಗೆದುಕೊಳ್ಳಿ. ಸುತ್ತ ಒಂದು ಬೆರಳಷ್ಟು ಕಾಗದ ಬಿಟ್ಟು ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ. ಬಣ್ಣದ ಕಾಗದದ ಮೇಲಿನದನ್ನು ಬೇರೆ ಬಟ್ಟಲಲ್ಲಿ ಹಾಕಿ, ಇಲ್ಲದಿದ್ದರೆ ಬಣ್ಣ ಎಲ್ಲಕ್ಕೂ ಹತ್ತುತ್ತದೆ. ಗೋಂದು ಕರಗಿದ ಮೇಲೆ ಕಾಗದವನ್ನು ಚೀಟಿಯಿಂದ ಎಳೆಯಿರಿ, ಚೀಟಿಯನ್ನು ಕಾಗದದಿಂದ ಎಳೆಯಬೇಡಿ, ಬಳುಕುವುದು ಕಾಗದವಾಗಲಿ. ಮುಖ ಕೆಳಗಾಗಿ ಒತ್ತುಕಾಗದದ ಮೇಲೆ ಒಣಗಿಸಿ, ದಪ್ಪ ಪುಸ್ತಕದಡಿ ಒಂದು ರಾತ್ರಿ ಇಡಿ.

ನೋಡಿ ಕಲಿಯಲು ಬೆಂಗಳೂರಿನಲ್ಲಿ ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿಯ ಕಟ್ಟಡದಲ್ಲಿರುವ ‘ಸಂದೇಶ್’ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ದೊಡ್ಡ ಪ್ರಧಾನ ಅಂಚೆ ಕಚೇರಿಗಳಲ್ಲಿ ಸಂಗ್ರಾಹಕರಿಗೆಂದೇ ಫಿಲಾಟೆಲಿ ಬ್ಯೂರೋಗಳಿವೆ. ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಂಚೆ ಇಲಾಖೆ 2017ರಿಂದ ‘ದೀನ್ ದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನವನ್ನೂ ಕೊಡುತ್ತಿದೆ.

ಈ ಕೆಲಸಕ್ಕೆ ಈಗ ಅವಸರವಿದೆ. ಕೌಂಟರಿನಲ್ಲಿ ಯಂತ್ರ ಮುದ್ರಿಸುವ ಚೀಟಿ, ಬಾರ್‌ಕೋಡ್ ಬಂದ ಮೇಲೆ ಪಾರ್ಸಲಿನ ಮೇಲೆ ಅಂಚೆಚೀಟಿ ಕಾಣುವುದೇ ಅಪರೂಪ. ತಲೆಮಾರುಗಳ ನಂಬಿಕೆಯಾಗಿದ್ದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಯಿತು. ಕಂಬಂ, ಚಿನ್ನಾಳಪಟ್ಟಿ, ಬೋಡಿಯ ಕನ್ನಡ ಮನೆಗಳಲ್ಲಿರುವ ಹಳೆಯ ಕಾಗದದ ಕಟ್ಟುಗಳನ್ನು ಯಾರೂ ಪಟ್ಟಿ ಮಾಡದೆ ಬಿಟ್ಟರೆ, ಆ ಮನೆಗಳು ಯಾರೊಂದಿಗೆ ಕೊಟ್ಟು ಕೊಂಡವು, ಯಾವ ಊರಿನ ನೆಂಟರಿಗೆ ಬರೆದವು ಎಂಬುದಕ್ಕೆ ಉಳಿಯುವ ಆಧಾರ ಬಾಯಿಮಾತು ಮಾತ್ರ. ಆದ್ದರಿಂದ ಅಂಥ ಕಟ್ಟು ನಿಮ್ಮ ಮನೆಯಲ್ಲಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಲಕೋಟೆಗೆ ಒಂದು ಪುಟ: ಚೀಟಿಗಳ ಬೆಲೆ, ಠಸ್ಸೆಯ ಊರು, ತಾರೀಖು, ವಿಳಾಸದ ಒಕ್ಕಣೆ, ಬೆನ್ನಿನ ಮುದ್ರೆ. ಕಂಡದ್ದನ್ನು ಒಂದು ಕಡೆ ಬರೆಯಿರಿ, ಊಹಿಸಿದ್ದನ್ನು ಇನ್ನೊಂದು ಕಡೆ. ಮನೆಯ ಹಿರಿಯರು ಇರುವಾಗಲೇ ಹೆಸರುಗಳನ್ನು ಕೇಳಿ ತುಂಬಿಸಿ. ಹೀಗೆ ಬರೆದಿಟ್ಟ ಪುಟ ಮುಂದಿನವರಿಗೆ ಯಾವ ದುಬಾರಿ ಚೀಟಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.